ಹನ್ನೆರಡನೆಯ ಪುಟದಲ್ಲಿ ಉಣ್ಣದವಳು

ಆಹಾರ ಮಿತವ್ಯಯ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಕ್ಷೇಮವೇ? ಮೂವತ್ತು ವರ್ಷದ ಹಿಂದೆ ನಮ್ಮ ಮನೆಗೆ ಅಕ್ಕಿ ತೂಗಲು ಬರುತ್ತಿದ್ದ ನಿಮ್ಮ ಗುಮಾಸ್ತರು ಕ್ಷೇಮವೇ? ಮೆಟ್ಟಿಲು ಹತ್ತುವಾಗ ಅವರಿಗೆ ಮಂಡಿ ನೋಯುತ್ತಿತ್ತು. ಅವರ ತಕ್ಕಡಿಯಾದರೂ ಕ್ಷೇಮವೇ? ನಾನು ಬಂಧುಬಳಗಕ್ಕೆ ಬರೆದು ಅಭ್ಯಾಸವಾದವಳು. ಯೋಗಕ್ಷೇಮ ಕೇಳದೆ ಜಗಳಕ್ಕಿಳಿಯಲು ಬರುವುದಿಲ್ಲ. ಕೇಳಿದ್ದಾಯಿತು, ಇನ್ನು ಜಗಳ. ನಿಮ್ಮ ‘ಉಳಿಸಿ ಉಣ್ಣಿ’ ಕೈಪಿಡಿಯ ಹನ್ನೆರಡನೆಯ ಪುಟ ಸುಳ್ಳು. ಐದು ಜನರ ಸಂಸಾರಕ್ಕೆ ತಿಂಗಳಿಗೆ ಮೂವತ್ತೆರಡು ಕಿಲೋ ಅಕ್ಕಿ ಧಾರಾಳವಾಗಿ ಸಾಕೆಂದು ಅಲ್ಲಿ ಅಚ್ಚಾಗಿದೆ. ಅದು ನಮ್ಮ ಮನೆಯ ಲೆಕ್ಕ. ಆ ಐವರಲ್ಲಿ ಒಬ್ಬರು ಉಂಡಿರಲಿಲ್ಲ.

ನಾನು ಶಾಲೆಯ ಮುಖ ಕಂಡವಳಲ್ಲ. ದಿನಸಿ ಕಟ್ಟಿ ಬಂದ ಪೊಟ್ಟಣದ ಕಾಗದ ಬಿಡಿಸಿ ಅಕ್ಷರ ಕಲಿತೆ. ಹಾಗಾಗಿ ನಿಮ್ಮ ಕೈಪಿಡಿಯನ್ನೂ ಮೊದಲಿಂದ ಕೊನೆಯವರೆಗೆ ಓದಿದ್ದೇನೆ, ಬರೆದವರೇ ಅಷ್ಟು ಓದಿರಲಾರರು. ಈರುಳ್ಳಿಯ ಪಕ್ಕ ಆಲೂಗಡ್ಡೆ ಇಡಬೇಡಿ, ಬೇಗ ಮೊಳಕೆ ಬರುತ್ತದೆ: ನಿಜ. ಬೇಳೆ ಡಬ್ಬಿಯಲ್ಲಿ ನಾಲ್ಕು ಒಣಮೆಣಸಿನಕಾಯಿ ಹಾಕಿದರೆ ಹುಳು ಬರುವುದಿಲ್ಲ: ನಿಜ, ಹೇಳಿಕೊಟ್ಟವಳು ನಾನೇ. ಹಳೆಯ ಅಕ್ಕಿ ಮುಗಿಯುವವರೆಗೆ ಹೊಸದರ ಚೀಲ ಬಿಚ್ಚಬೇಡಿ, ಸೊಪ್ಪಿಗೆ ಒದ್ದೆ ಬಟ್ಟೆ ಸುತ್ತಿಡಿ: ಇವೂ ನಿಜ. ಆದರೆ ಒದ್ದೆ ಬಟ್ಟೆ ಸುತ್ತಬೇಕಾದದ್ದು ಸೊಪ್ಪಿಗೆ ಸ್ವಾಮಿ, ಹೊಟ್ಟೆಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಮುಖಪುಟದಲ್ಲೇ ಗಾದೆ ಹಾಕಿದ್ದೀರಿ. ಹಾಸಿಗೆ ಸಾಲದೆ ಕಾಲನ್ನೇ ಕತ್ತರಿಸಿಕೊಂಡವಳೊಬ್ಬಳು ನಮ್ಮ ಮನೆಯಲ್ಲಿದ್ದಳು.

ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡ ಮೇಲೆ ನಮ್ಮೊಂದಿಗೇ ಉಳಿದಳು. ನಾನು ಅಕ್ಕ ಅನ್ನುತ್ತಿದ್ದೆ, ನನ್ನ ಮಗ ಮತ್ತು ಮಗಳು ದೊಡ್ಡಮ್ಮ ಅನ್ನುತ್ತಿದ್ದರು. ನನ್ನವರು ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಕೆಲಸದಲ್ಲಿದ್ದರು. ಸಾಮಾನು ತರುವುದು, ಕೆಡದ ಹಾಗೆ ಕಾಯುವುದು ನನ್ನ ಪಾಲು. ಬೇಯಿಸಿ ಬಡಿಸುವುದು ಅಕ್ಕನ ಪಾಲು. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಉಣ್ಣುವುದು ಅವಳ ರೂಢಿ.

ನಿಮ್ಮ ಗುಮಾಸ್ತರು ಬಂದದ್ದು ಆಗ. ಬೀದಿಗೆ ಒಂದು ಮನೆ ಆರಿಸಿ ಮೂರು ತಿಂಗಳು ತೂಗುತ್ತಾರಂತೆ, ಎಲ್ಲಕ್ಕಿಂತ ಕಡಿಮೆಯಲ್ಲಿ ಸಂಸಾರ ತೂಗಿಸಿದ ಮನೆಗೆ ಪ್ರಶಸ್ತಿಪತ್ರವಂತೆ. ತಲೆಗೊಂದರಂತೆ ಐದು ಬಿಳಿ ಪ್ಲಾಸ್ಟಿಕ್ ತಟ್ಟೆಯನ್ನೂ ಕೊಟ್ಟರು. ಹಿಂಭಾಗದಲ್ಲಿ ಒಂದರಿಂದ ಐದರವರೆಗೆ ಅಂಕಿ, ಪಕ್ಕದಲ್ಲಿ ನಿಮ್ಮ ಮೊಹರು. ಅವರವರ ತಟ್ಟೆಯಲ್ಲಿ ಅವರವರೇ ಉಣ್ಣಬೇಕು.

“ತಿಂಗಳಿಗೆ ಅಕ್ಕಿ ಎಷ್ಟು ಬೇಕಮ್ಮಾ?” ಅಂತ ಕೇಳಿದರು.

ನಲವತ್ತು ಕಿಲೋ ಹಿಡಿಯುತ್ತಿತ್ತು. ಬಾಗಿಲಲ್ಲಿ ಪಕ್ಕದ ಮನೆಯ ಟೈಲರಮ್ಮ ಇಣುಕುತ್ತಿದ್ದಳು. “ಮೂವತ್ತೆರಡಾದ್ರೆ ಸಾಕು. ನಮ್ಮನೇಲಿ ಒಂದು ಕಾಳೂ ದಂಡ ಆಗಲ್ಲ,” ಅಂದೆ.

“ಅಬ್ಬಾ! ಅವಳ ಮನೇಲಿ ಇಲಿಗೂ ಉಪವಾಸ ಕಣ್ರೀ,” ಅಂದಳು ಟೈಲರಮ್ಮ. ಎಲ್ಲರೂ ನಕ್ಕೆವು. ಗುಮಾಸ್ತರು ತಿಂಗಳಿಗೆ ಮೂವತ್ತೆರಡರಂತೆ ತೂಗಿಟ್ಟು, ಉಳಿದ ಅಕ್ಕಿಯ ಡಬ್ಬಿಗೆ ಅರಗಿನ ಮುದ್ರೆ ಹಾಕಿದರು. ಮೇಲೆ ಒಂದು ಹಿಡಿ ಕೊಂಡರೂ ಬರೆಸಬೇಕು ಎಂದರು. ಅವರು ಇಳಿದುಹೋದ ಮೇಲೆ ಅಕ್ಕನನ್ನು ಕೇಳಿದೆ, “ಸಾಕಾಗುತ್ತಾ ಅಕ್ಕಾ? ಬಾಯಿ ತಪ್ಪಿ ಅಂದ್ಬಿಟ್ಟೆ.”

“ಅಂದಾಯ್ತಲ್ಲ, ಇನ್ನೇನು? ತರೋದು ನಿನ್ನ ಕೆಲಸ, ಸಾಕು ಮಾಡೋದು ನಂದು. ಆ ಟೈಲರಮ್ಮನ ಮುಂದೆ ನಿನ್ನ ಮಾತು ಬೀಳೋಕೆ ಬಿಡ್ತೀನೇನೇ?”

ಬೀಳಲಿಲ್ಲ. ಮೂರು ತಿಂಗಳೂ ನಾವು ಹೊಟ್ಟೆ ತುಂಬ ಉಂಡೆವು. ನನ್ನವರು, “ಅತ್ತಿಗೆ ಕೈಲಿ ಅಕ್ಷಯಪಾತ್ರೆ ಇದೆ,” ಎಂದು ತಮಾಷೆ ಮಾಡುತ್ತಿದ್ದರು. ನಾವು ಕೈ ತೊಳೆದ ಮೇಲೆ ಒಳಗಿನಿಂದ ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ಬರುತ್ತಿತ್ತು, ಟಣ್, ಟಣ್. ಆಮೇಲೆ ಒಂದು ತೇಗು. “ನಂದಾಯ್ತು ಕಣೇ, ಇವತ್ತು ಜಾಸ್ತಿನೇ ಆಯ್ತು.” ಅನ್ನವಿರುವ ಪಾತ್ರೆ ಹಾಗೆ ಸದ್ದು ಮಾಡುವುದಿಲ್ಲ. ಅಡುಗೆ ಮಾಡಿದ ಯಾವ ಹೆಂಗಸಿಗಾದರೂ ಇದು ಗೊತ್ತು. ನನಗೆ ಗೊತ್ತಿರಲಿಲ್ಲವೇ? ಮೂವತ್ತು ವರ್ಷದಿಂದ ಇದೊಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿತ್ತು ಎಂದೇ ಬರೆದುಬಿಡುತ್ತೇನೆ. ಎದ್ದುಹೋಗಿ ನೋಡಿದರೆ ಪ್ರಶಸ್ತಿ ತಪ್ಪುತ್ತಿತ್ತು. ಅದಕ್ಕೆ ಎದ್ದುಹೋಗಲಿಲ್ಲ.

ತೂಗುವುದು ಮುಗಿದ ಮರುವಾರ ಅಕ್ಕನಿಗೆ ಜ್ವರ ಬಂತು. ಬೀದಿಯಲ್ಲಿ ಎಲ್ಲರಿಗೂ ಬಂದ ಜ್ವರವೇ. ಎಲ್ಲರೂ ಎದ್ದರು, ಅವಳು ಏಳಲಿಲ್ಲ. “ತಡೆಯೋ ಶಕ್ತಿನೇ ಇರಲಿಲ್ಲ. ಏನು ತಿಂತಿದ್ರು ಇವರು?” ಎಂದು ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಅಕ್ಕನ ತಿಥಿ ಕಳೆದ ಮೇಲೆ ನಿಮ್ಮ ತಟ್ಟೆಗಳನ್ನು ಹಿಂದಿರುಗಿಸೋಣವೆಂದು ಒಂದರ ಮೇಲೊಂದು ಜೋಡಿಸಿದೆ. ಪ್ಲಾಸ್ಟಿಕ್ಕಿಗೆ ಅರಿಶಿನ ಹಿಡಿದರೆ ಬೂದಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಮೂರು ತಿಂಗಳ ಬೇಳೆಗೆ ನಾಲ್ಕು ತಟ್ಟೆ ಹಳದಿಯಾಗಿದ್ದವು. ಐದನೆಯದು ಅಂಗಡಿಯಿಂದ ಬಂದ ಹಾಗೆ ಬೆಳ್ಳಗಿತ್ತು. ತಿರುಗಿಸಿ ಅಂಕಿ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ.

ಐದನ್ನೂ ಚೀಲದಲ್ಲಿ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಹಿಂದಿದ್ದವರು ಪೂರ್ತಿ ಕೇಳಲೇ ಇಲ್ಲ. “ಬಳಸಿದ ತಟ್ಟೆ ವಾಪಸ್ ತಗೊಳ್ಳಲ್ಲಮ್ಮಾ,” ಎಂದರು.

“ಇದು ಬಳಸಿಲ್ಲ ಸ್ವಾಮಿ, ಅದನ್ನ ಹೇಳೋಕೇ ಬಂದಿದ್ದು.”

“ಬಳಸಿಲ್ಲ ಅಂದ್ರೆ ಇನ್ನೂ ಒಳ್ಳೇದಾಯ್ತು, ಮನೇಲಿಟ್ಕೊಳ್ಳಿ,” ಎಂದು ಪ್ರಶಸ್ತಿಪತ್ರ ನೀಡಿದರು. ‘ಜಾಣ ಗೃಹಿಣಿ’ ಎಂದು ಬಂಗಾರದ ಅಕ್ಷರ. ಎರಡೂ ಕೈ ಚಾಚಿ ತೆಗೆದುಕೊಂಡೆ. ಆಮೇಲೆ ಬಾಯಿ ಬಿಡಲಿಲ್ಲ. ನಿಮ್ಮ ಸುಳ್ಳಿನಲ್ಲಿ ನನ್ನ ಪಾಲೂ ಇದೆ ಎನ್ನುವುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಕೈ ತೊಳೆಯುವ ಹೊತ್ತಿಗೆ, ಖಾಲಿ ಅಡುಗೆಮನೆಯಲ್ಲಿ ಸೌಟಿನ ಸದ್ದು ಕೇಳಿಸುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೊಟ್ಟು ಸ್ಟೀಲಿನದು ತಂದೆ, ಮನೆಯನ್ನೂ ಬದಲಿಸಿದೆವು. ಸದ್ದು ಮಾತ್ರ ಹಳೆಯ ಅಲ್ಯೂಮಿನಿಯಮ್ಮಿನದೇ.

ಹಾಗಾದರೆ ಈಗೇಕೆ ಬರೆಯುತ್ತಿದ್ದಾಳೆ ಈ ಮುದುಕಿ ಎನ್ನುವಿರೇನೋ. ನನ್ನ ಮಗಳು ಈಗ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಊಟವೂ ಅಲ್ಲೇ, ಸಂಬಳದ ಜೊತೆ ಅಂತ ಕರಾರು. ಅಲ್ಲಿನ ಉಗ್ರಾಣದ ಬಾಗಿಲಿಗೆ ನಿಮ್ಮ ಹನ್ನೆರಡನೆಯ ಪುಟ ಅಂಟಿಸಿದ್ದಾರೆ. ಐದೈದು ತಲೆ ಎಣಿಸಿ ಅದರಂತೆ ಅಕ್ಕಿ ಅಳೆದುಕೊಡುತ್ತಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಅವಳ ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಹುಡುಗಿಯರೆಲ್ಲ ಉಂಡೆದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಟಣ್, ಟಣ್. ನನ್ನ ಕಿವಿಯ ಹಳೇ ರೋಗ ಅಂದುಕೊಂಡೆ. ಪಕ್ಕದಲ್ಲಿದ್ದ ಹುಡುಗಿ, “ಅಕ್ಕ ಊಟಕ್ಕೆ ಕೂತ್ರು,” ಅಂದಳು. ಅವಳಿಗೂ ಕೇಳಿಸಿತ್ತು.

ಈ ಸಲ ಎದ್ದುಹೋದೆ. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಪಾತ್ರೆ ಖಾಲಿ.

“ಇದೇನೇ ಇದು?”

“ಸುಮ್ನಿರಮ್ಮ. ಉಂಡಿಲ್ಲ ಅಂತ ಗೊತ್ತಾದ್ರೆ ಆ ಹುಡುಗೀರು ಗಂಟಲಲ್ಲಿ ಅನ್ನ ಇಳಿಸಲ್ಲ.”

“ಯಾರು ಹೇಳ್ಕೊಟ್ರು ನಿಂಗೆ?”

“ದೊಡ್ಡಮ್ಮ. ಚಿಕ್ಕೋಳಿದ್ದಾಗ ಒಂದ್ಸಲ ನೀರು ಕುಡಿಯೋಕೆ ಹೋಗಿ ನೋಡ್ಬಿಟ್ಟೆ, ಖಾಲಿ ಪಾತ್ರೆಗೆ ಸೌಟು ತಾಗಿಸ್ತಾ ಲೋಟದಲ್ಲಿ ಬರೀ ಗಂಜಿತಿಳಿ ಕುಡೀತಿದ್ರು. ಇದು ನಮ್ಮಿಬ್ರ ಗುಟ್ಟು, ನಿಮ್ಮಮ್ಮಂಗೆ ಹೇಳ್ಬೇಡ, ನೊಂದ್ಕೋತಾಳೆ ಅಂದ್ರು.”

ಮಾನ್ಯರೇ, ಒಂಬತ್ತು ವರ್ಷದ ಮಗು ಕಾಪಾಡಿದ ಗುಟ್ಟನ್ನು ನಾನು ಇವತ್ತು ಬೀದಿಗಿಡುತ್ತಿದ್ದೇನೆ. ನಿಮ್ಮ ಕೈಪಿಡಿ ಏಳು ಸಲ ಅಚ್ಚಾಗಿದೆ. ಎಷ್ಟು ಉಗ್ರಾಣಗಳ ಬಾಗಿಲಲ್ಲಿದೆ ಆ ಪುಟ? ಎಷ್ಟು ಅಡುಗೆಮನೆಗಳಲ್ಲಿ ಯಾರು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಾರೆ? ನಲವತ್ತರಿಂದ ಮೂವತ್ತೆರಡು ಕಳೆಯಿರಿ. ಉಳಿದದ್ದನ್ನು ನಾವು ಉಳಿತಾಯ ಎಂದೆವು. ಅದು ಒಬ್ಬಳ ಊಟ.

ನಾನು ಕೇಳುವುದು ಪರಿಹಾರವಲ್ಲ. ಆ ಪುಟವನ್ನು ಹಿಂದಕ್ಕೆ ಪಡೆಯಿರಿ, ಹಾಸ್ಟೆಲಿನ ಬಾಗಿಲಿಂದ ಮೊದಲು ಕೀಳಿಸಿ. ಮತ್ತೆ ತೂಗಿಸುವುದಾದರೆ ತೂಗಿಸಿ, ಆದರೆ ತಕ್ಕಡಿ ಹಿಡಿದವರು ಡಬ್ಬಿಗೆ ಮುದ್ರೆ ಹಾಕಿ ಎದ್ದುಹೋಗುವುದು ಬೇಡ. ಅಡುಗೆಮನೆಯಲ್ಲೇ ಕೂರಲಿ, ಕೊನೆಯವಳು ಉಂಡು ಕೈ ತೊಳೆಯುವವರೆಗೆ. ಪ್ರಶಸ್ತಿಪತ್ರವನ್ನು ಇದರೊಂದಿಗೆ ಮರಳಿಸಿದ್ದೇನೆ. ಐದನೆಯ ತಟ್ಟೆಯನ್ನು ಕಳಿಸುವುದಿಲ್ಲ. ಅದು ಸಾಕ್ಷಿ, ನೋಡಬೇಕೆಂದರೆ ನೀವೇ ಮೆಟ್ಟಿಲು ಹತ್ತಿ ಬನ್ನಿ. ಬರುವುದಾದರೆ ಮಧ್ಯಾಹ್ನ ಒಂದೂವರೆಗೆ ಬನ್ನಿ.

ಬರಲಾಗದಿದ್ದರೆ ಬೇಗ ಒಂದು ಸಾಲಾದರೂ ಬರೆಯಿರಿ. ನನಗೆ ಕಾಯುವ ಅಭ್ಯಾಸವಿದೆ. ಮಗಳ ಬಳೆಗೆ ಇಲ್ಲ.

ಇಂತಿ,
ಹೊಟ್ಟೆ ತುಂಬ ಉಂಡ ನಾಲ್ವರಲ್ಲಿ ಒಬ್ಬಳು,
ನಿಮ್ಮ ಮಾಜಿ ‘ಜಾಣ ಗೃಹಿಣಿ’