ಸ್ಕ್ಯಾನಿಗೆ ಮುಂಚೆ ನೀರು ಕುಡಿಯಬಹುದೆಂದು ಯಾರೂ ಹೇಳಲಿಲ್ಲ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಸಿ.ಟಿ. ಸ್ಕ್ಯಾನ್ ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಮಾಡದೆ ಹೋದವರು ಬಾಯಿ ಇರುವವರು. ಸ್ಕ್ಯಾನಿಗೆ ಬರುವ ಮುಂಚೆ ಏನೇನು ತಿಳಿದಿರಬೇಕೆಂದು ನಿಮ್ಮಲ್ಲಿ ಯಾರೂ ನಮಗೆ ಹೇಳಲಿಲ್ಲ. ನಮ್ಮಿಂದ ಏನನ್ನು ತಿಳಿದುಕೊಳ್ಳಬೇಕಿತ್ತೋ ಅದನ್ನು ಕೇಳಲೂ ಇಲ್ಲ.

ನನ್ನ ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದವರು. ಆ ಕೆಲಸದವರ ಅಭ್ಯಾಸವೊಂದು ನಿಮಗೆ ಗೊತ್ತಿರಲಿಕ್ಕಿಲ್ಲ: ದಾರಿಯಲ್ಲಿ ನೀರು ಕುಡಿಯುವುದಿಲ್ಲ. ಕುಡಿದರೆ ಬಸ್ಸು ನಿಲ್ಲಿಸಬೇಕು, ನಿಲ್ಲಿಸಿದರೆ ಪ್ರಯಾಣಿಕರು ಗೊಣಗುತ್ತಾರೆ. ಬಾಯಾರಿಕೆ ತಡೆಯುವುದರಲ್ಲಿ ಅವರದು ಎತ್ತಿದ ಕೈ. ಕೂತು ಕೂತು ಬಂದ ಸೊಂಟನೋವಿಗೆ ದಿನವೂ ಮಾತ್ರೆ ನುಂಗುತ್ತಿದ್ದರು. ಊಟದ ಡಬ್ಬಿಯಲ್ಲಿ ಅದಕ್ಕೂ ಒಂದು ಮೂಲೆ ಇತ್ತು.

ಹೊಟ್ಟೆನೋವೆಂದು ನಿಮ್ಮಲ್ಲಿಗೆ ಬಂದಾಗ ಸಿಕ್ಕ ಸೂಚನೆ ಇಷ್ಟೇ: "ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ." ಬಂದೆವು. ತುರ್ತು ರೋಗಿಗಳಿದ್ದಾರೆ, ಕಾಯಿರಿ ಎಂದರು. ಕಾದೆವು. ಮಧ್ಯಾಹ್ನವೂ ಕಳೆಯಿತು. ಕುರ್ಚಿಗಳ ಎದುರಿಗೇ ಕುಡಿಯುವ ನೀರಿನ ನಲ್ಲಿ. ಅವರ ತುಟಿ ಒಣಗಿದ್ದು ಕಂಡು ಲೋಟ ತುಂಬಿ ತಂದೆ.

"ಬೇಡ ಕಣೇ. ಖಾಲಿ ಹೊಟ್ಟೆ ಅಂದ್ರೆ ಖಾಲಿ ಹೊಟ್ಟೆ. ನೀರು ಬಿಟ್ಟಿರೋದು ನಂಗೇನು ಹೊಸದಾ?" ಎಂದು ನಕ್ಕರು. ಆ ನೀರು ನಾನೇ ಕುಡಿದೆ.

ಒಳಗೆ ನರ್ಸ್ ಸೂಜಿ ಚುಚ್ಚುತ್ತಾ, "ಡೈ ಕೊಡ್ತೀವಿ, ಮೈ ಬಿಸಿ ಆಗತ್ತೆ, ಹೆದರ್ಬೇಡಿ" ಎಂದರಂತೆ. ಮೈ ಬಿಸಿಯಾಗುವುದನ್ನು ಹೇಳಿದಿರಿ ಸ್ವಾಮೀ, ಸಂತೋಷ. ಚಿತ್ರ ಸ್ಪಷ್ಟವಾಗಲೆಂದು ರಕ್ತಕ್ಕೆ ಬಿಡುವ ಆ ಡೈ ಹೊರಗೆ ಹೋಗುವುದು ಕಿಡ್ನಿಯ ಮೂಲಕ, ಅದಕ್ಕೆ ಮೈಯಲ್ಲಿ ನೀರಿರಬೇಕು ಎಂದು ಹೇಳಲು ಮಾತ್ರ ಉಸಿರು ಸಾಲಲಿಲ್ಲವೇ? ಕಿಡ್ನಿ ಹೇಗಿದೆ, ರಕ್ತಪರೀಕ್ಷೆ ಆಗಿದೆಯೇ, ಯಾವ ಮಾತ್ರೆ ನುಂಗುತ್ತೀರಿ, ನೀರು ಕುಡಿದಿದ್ದೀರಾ ಎಂದು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ವಾರ ಕಳೆಯುವುದರೊಳಗೆ ಅವರ ಕಾಲು ಬಾತಿತು, ಮೂತ್ರ ಕಟ್ಟಿತು. ದಿನವೂ ನುಂಗಿದ ನೋವಿನ ಮಾತ್ರೆಗೆ ಕಿಡ್ನಿ ಮೊದಲೇ ಸೋತಿತ್ತಂತೆ; ನಮಗೆ ಗೊತ್ತೇ ಇರಲಿಲ್ಲ. "ಡೈಯಿಂದಲೇ ಹೀಗಾಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ" ಎಂದರು ನಿಮ್ಮ ವೈದ್ಯರು. ಇರಬಹುದು. ಹೆಚ್ಚಿನವರಿಗೆ ಏನೂ ಆಗುವುದಿಲ್ಲವೆಂದೂ ಹೇಳಿದರು, ಅದನ್ನೂ ನಂಬುತ್ತೇನೆ. ಆದರೆ ನೀವು ಕೇಳಲಿಲ್ಲ ಎನ್ನುವುದಂತೂ ಖಚಿತವಲ್ಲವೇ?

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಎಲ್ಲಿಗೆ ಬರುತ್ತದೆಂದು ಹೇಳಿದ್ದನ್ನೇ ಹೇಳುತ್ತೇನೆ, ಏಕೆಂದರೆ ಗಾಬರಿಯಲ್ಲಿರುವವರ ಕಿವಿಗೆ ಮೊದಲ ಸಲ ಏನೂ ಬೀಳುವುದಿಲ್ಲ. ಅಲ್ಲಿ ತಪ್ಪಿದರೆ ಇನ್ನೊಂದು ಬಸ್ಸು ಬರುತ್ತದೆ.

ಸ್ಕ್ಯಾನ್ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಹಿಂದಿನ ದಿನವೇ ರೋಗಿಯ ಪಕ್ಕ ಕೂತು ಮಾತಾಡಲು ಒಬ್ಬರನ್ನು ನೇಮಿಸಿ. ಕಿಡ್ನಿ, ಸಕ್ಕರೆ ಕಾಯಿಲೆ, ನುಂಗುವ ಮಾತ್ರೆಗಳು, ಹಿಂದೆಂದಾದರೂ ಡೈ ಮೈಗೆ ಒಗ್ಗದೆ ಹೋದದ್ದು, ಹೆಂಗಸಾದರೆ ಬಸಿರು, ಎಲ್ಲವನ್ನೂ ಅವರು ಕೇಳಲಿ. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಬಾಯಿಬಿಟ್ಟು ಹೇಳಲಿ. ಜನ ಸಾಲದಿದ್ದರೆ ನಾನೇ ಬಿಟ್ಟಿಯಾಗಿ ಬಂದು ಕೂರುತ್ತೇನೆ.

ಈಗ ಅವರಿಗೆ ಡಯಾಲಿಸಿಸ್. ಮೈಯಿಂದ ನೀರು ಹೊರಗೆ ಹೋಗದ್ದರಿಂದ ಕುಡಿಯುವ ನೀರೂ ಅಳತೆಯಲ್ಲಿ. ನಿನ್ನೆ ಸಂಜೆ ಖಾಲಿ ಲೋಟ ಮುಂದೆ ಚಾಚಿ, "ಇನ್ನೊಂದು ಗುಟುಕು ಕೊಡೇ, ಬಾಯಾರ್ತಿದೆ" ಎಂದರು. ಬದುಕಿಡೀ ನೀರು ಕೇಳಿದವರಲ್ಲ. ನಾನು ಕೊಡಲಿಲ್ಲ.

ಇಂತಿ,
ಊರಿಗೆಲ್ಲ ಹೇಳುತ್ತಾ, ಮನೆಯವರಿಗೆ ಹೇಳಲಾಗದೆ ಹೋದ
ಬಸ್ ನಿಲ್ದಾಣದ ದನಿ