ಕೊಂಬಿದ್ದದ್ದಕ್ಕೆ ಬಯಲು ಕೊಟ್ಟೆವು

ಎರಡನೆಯ ಉಬ್ಬರದ ನೂರಹನ್ನೊಂದನೆಯ ವರ್ಷ, ಮಂಜಿನ ಕಾಲದ ನಲವತ್ತನೆಯ ದಿನ
ತೇಲೂರು, ಕಾಳಿ ಕೊಲ್ಲಿ

ಇನ್ನೂ ಗಟ್ಟಿ ನೆಲದ ಮೇಲೆ ನಡೆದಾಡುತ್ತಿರುವ ಹಿರಿಯರಿಗೆ ಗಂಗೆ ತಾಂಡೇಲಳ ನಮಸ್ಕಾರ.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೇ ಕೇಳಿಸುತ್ತದೆ. ನಮ್ಮ ಊರು ನೀರಿನ ಮೇಲೆ ತೇಲುತ್ತದೆ. ಇಲ್ಲಿ ಮಣ್ಣೆಂದರೆ ಚಾವಣಿಯ ಕುಂಡಗಳಲ್ಲಿ ಇರುವಷ್ಟೇ. ಅಳಿದುಹೋದ ಜೀವಿಗಳನ್ನು ಮತ್ತೆ ಹುಟ್ಟಿಸುವ ಮರುಹುಟ್ಟುಮನೆಯಿಂದ ಏನಾದರೂ ಬರುವುದಿದ್ದರೆ, ಮನೆಮನೆಯವರೂ ಒಂದು ಮಡಿಲು ಮಣ್ಣು ತಂದು ಅದಕ್ಕೆ ಜಾಗ ಮಾಡುತ್ತೇವೆ. ಇದಕ್ಕೆ ಮಡಿಲುಮಣ್ಣು ಎಂದು ಹೆಸರು. ಕುಂಡದ ಬಸಳೆ ಕಿತ್ತು ಮಣ್ಣು ಕೊಡುವಾಗ ಕರುಳು ಚುರ್ ಎನ್ನುತ್ತದೆ, ಸುಳ್ಳು ಹೇಳುವುದಿಲ್ಲ.

ಈ ಸಲ ಬರುವುದಿದ್ದದ್ದು ಒಂದು ಬರ್ಕ, ಒಂದು ಕೊಂಬಿನ ಜೀರುಂಡೆ. ಇಡೀ ಜಗತ್ತಿಗೆ ಅವು ತಲಾ ಒಂದೇ. ಆ ಹೆಸರುಗಳ ಅರ್ಥ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ; ಇದ್ದದ್ದು ನಿಮ್ಮ ಕಾಲದ ಎರಡು ಫೋಟೋ. ಎರಡರಲ್ಲೂ ಜೀವಿ ಚೌಕಟ್ಟಿನ ತುಂಬ ನಿಂತಿತ್ತು. ಜೀರುಂಡೆಗೆ ಕವಲೊಡೆದ ಕೊಂಬು, ಮಿರಮಿರ ಮಿಂಚುವ ಬೆನ್ನು, ಅದರ ಠೀವಿಯೇ ಠೀವಿ. ಬರ್ಕಕ್ಕೆ ಕೊಂಬಿಲ್ಲ, ಕಡ್ಡಿಯಂಥ ಕಾಲು, ಮೈಮೇಲೆ ಬಿಳಿ ಚುಕ್ಕೆ, ಅಂಜಿದ ಕಣ್ಣು. ಇಷ್ಟು ಕೊಂಬಿರುವುದು ದೊಡ್ಡ ಪ್ರಾಣಿಯೇ ಎಂದು ಊರೆಲ್ಲ ತೀರ್ಮಾನಿಸಿತು. ಜೀರುಂಡೆಗೆ ಇಡೀ ಹುಲ್ಲುಬಯಲು ಮಾಡಿದೆವು, ಬರ್ಕಕ್ಕೆ ಒಂದು ಬೋಗುಣಿ ಮಣ್ಣು.

ಹೊಸ ಜೀವಿ ಮೊದಲು ಮಣ್ಣನ್ನು ನೋಡಬೇಕು, ಮನುಷ್ಯರ ಮುಖವನ್ನಲ್ಲ ಎಂಬುದು ನಮ್ಮ ಪದ್ಧತಿ. ಹಾಗಾಗಿ ನನ್ನ ಮಗಳು ಅಬ್ಬಲಿ ಮುಖ ತಿರುಗಿಸಿಕೊಂಡೇ ಮರುಹುಟ್ಟುಮನೆಯಿಂದ ಬಂದ ಒಂದೇ ಅಳತೆಯ ಎರಡು ಪೆಟ್ಟಿಗೆಗಳಲ್ಲಿ ಜೀರುಂಡೆಯದನ್ನು ಬಯಲಿನಲ್ಲಿ ಬೋರಲು ಹಾಕಿದಳು. ತುಸು ಹೊತ್ತಿನ ಮೇಲೆ ಒಳಗೆ ಇಣುಕಿ, "ಆಯಿ, ಇದ್ರಲ್ಲಿ ಎಂತದೂ ಇಲ್ವಲ್ಲೇ!" ಎಂದಳು. ಎರಡನೆಯದನ್ನು ತೆರೆದದ್ದೇ ತಡ, ಕೂಸಿನಷ್ಟು ದೊಡ್ಡ ಪ್ರಾಣಿಯೊಂದು ಬೋಗುಣಿಯನ್ನು ಮಗುಚಿ ಅವಳ ಮಡಿಲಿಗೆ ಬಿತ್ತು. ಆಗ ಹೊಳೆಯಿತು. ಕೊಂಬಿದ್ದದ್ದು ಬೆರಳಿನಷ್ಟು ಹುಳು, ಕೊಂಬಿಲ್ಲದ ಬರ್ಕವೇ ಪುಟ್ಟ ಜಿಂಕೆ.

ಊರಿಗೆ ಊರೇ ಮಂಡಿಯೂರಿ ಹುಲ್ಲಿನಲ್ಲಿ ಹುಡುಕಿತು. ಹುಳು ಸಿಗಲಿಲ್ಲ. ಅಬ್ಬಲಿ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ಈಗ ಬರ್ಕ ಆ ಬಯಲಿನಲ್ಲೇ ಮೇಯುತ್ತದೆ. ಅದರ ಗೊರಸು ಎಷ್ಟು ಸಣ್ಣದೆಂದರೆ ಹುಲ್ಲು ಬಾಗುವುದೂ ಇಲ್ಲ. ನಾವು ಮಾತ್ರ ಯಾರೂ ಒಳಗೆ ಕಾಲಿಡುವುದಿಲ್ಲ, ಹುಳುವನ್ನು ತುಳಿದುಬಿಟ್ಟೇವೆಂಬ ಭಯ. ಸಂಜೆ ಬೇಲಿಯ ಹೊರಗೆ ಕೂತಿರುತ್ತೇವೆ. ಮಂಜಿನಲ್ಲಿ ಒಂದು ಎಸಳು ಅಲುಗಿದರೂ ಅದೇ ಇರಬಹುದೇ ಎಂದು ಉಸಿರು ಹಿಡಿಯುತ್ತೇವೆ.

ನಿಮ್ಮನ್ನು ದೂರುತ್ತಿಲ್ಲ. ಅವು ಎಷ್ಟು ದೊಡ್ಡವೆಂದು ನಿಮಗೆ ಗೊತ್ತಿತ್ತು, ಹೇಳಬೇಕೆನಿಸಿರಲಿಕ್ಕಿಲ್ಲ. ಒಂದೇ ಕೋರಿಕೆ: ಇನ್ನು ಯಾವ ಜೀವಿಯ ಫೋಟೋ ತೆಗೆದರೂ ಪಕ್ಕದಲ್ಲಿ ನಿಮ್ಮ ಕೈ ಇಡಿ. ಅದರ ಅಳತೆ ನಮಗೆ ಗೊತ್ತು. ನಮ್ಮ ಕೈಯೂ ಅಷ್ಟೇ ಇದೆ.