ಗಂಡನ ಹೆಸರಿನ ಮುದ್ರೆ

ಪಾಸಿರ್ ರಿಸ್, ಸಿಂಗಪುರ
೧೪ ಜೂನ್ ೨೦೨೫

ಪ್ರೀತಿಯ ಭಾಗೀರಥಿ,

ನಿನಗೂ ಅತ್ತೆಯವರಿಗೂ ಶರಣು ಶರಣಾರ್ಥಿ. ನಾವು ತಾಯಿ ಮಗಳು ಇಲ್ಲಿ ಕ್ಷೇಮ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬೈದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಅತ್ತೆಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಪತ್ರವಾದರೆ ನೀನು ಕಿವಿಯ ಹತ್ತಿರ ಕೂತು ಎರಡೆರಡು ಸಲ ಓದಿ ಹೇಳುತ್ತೀಯ ಎಂದು ಗೊತ್ತಿದ್ದೂ ತಡಮಾಡಿದೆ.

ಅವರು ಬರೆಸಿದ ಪ್ರಶ್ನೆ ಮರೆತಿಲ್ಲ. “ನನ್ನ ಮಗ ಕೈಯಾಗ ಲಿಂಗ ಹಿಡಕೊಂಡ ಹೋದನೋ, ಬರೇ ಕೈಲೆ ಹೋದನೋ, ಶೈಲಾನ್ನ ಕೇಳು.” ನಿಮ್ಮಣ್ಣ ಲಿಂಗೈಕ್ಯರಾಗಿ ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ. ಗಣಾರಾಧನೆಗೆ ಮುಂಚೆ ಉತ್ತರ ಬೇಕೆಂದು ಅವರ ಹಟ. ಎಂಬತ್ತಾರನೇ ವಯಸ್ಸಿನಲ್ಲಿ ವಿಮಾನ ಹತ್ತಲಾಗದೆ, ಮಗನ ಮುಖವನ್ನು ಕೊನೆಯ ಸಲ ನೋಡಲಾಗದೆ ಉಳಿದ ತಾಯಿ. ಅವರಲ್ಲದೆ ಇನ್ಯಾರು ಕೇಳಬೇಕು? ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಸುದ್ದಿ ಕೇಳಿ, ಇಲ್ಲದಿದ್ದರೆ ನನಗೆ ತಡೆಯಲಾಗುವುದಿಲ್ಲ.

ನಿನ್ನ ವೈನಿ ಈಗ ಮ್ಯೂಸಿಯಮ್ಮಿನಲ್ಲಿ ಗೈಡ್! ಸಂಬಳವಿಲ್ಲ, ಬ್ಯಾಡ್ಜ್ ಇದೆ, ಮಾತಾಡಲು ಎರಡು ತಾಸು ಬಿಡುವಿದೆ. ನನಗೆ ಇನ್ನೇನು ಬೇಕು ಹೇಳು. ಇಲ್ಲಿಯ ಒಂದು ಚಿಕ್ಕ ಖಾಸಗಿ ಮ್ಯೂಸಿಯಂ ಇರಾಕಿನ ಕಡೆಯ ಕಲ್ಲಿನ ಮುದ್ರೆಗಳನ್ನು ತರಿಸಿ ಇಟ್ಟಿದೆ, ನಾಲ್ಕು ಸಾವಿರ ವರ್ಷ ಹಳೆಯವು. ನಮ್ಮ ಪೋಸ್ಟಾಫೀಸಿನ ಠಸ್ಸೆಯಂಥದ್ದಲ್ಲ. ಕಿರುಬೆರಳಿನ ಅರ್ಧದಷ್ಟು ಉದ್ದ, ಪುಟ್ಟ ಲಟ್ಟಣಿಗೆಯ ಹಾಗೆ ದುಂಡಗೆ, ಮೈತುಂಬ ದೇವರು. ಹಸಿ ಮಣ್ಣಿನ ಮೇಲೆ ಉರುಳಿಸಿದರೆ ದೇವರು, ಭಕ್ತ ಎಲ್ಲ ಸಾಲಾಗಿ ಉಬ್ಬಿ ನಿಲ್ಲುತ್ತಾರೆ. ನಡುವೆ ಉದ್ದಕ್ಕೂ ತೂತು. ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ, ಸತ್ತಾಗ ಜೊತೆಗೇ ಮಣ್ಣು ಮಾಡುತ್ತಿದ್ದರಂತೆ. ನಮಗೆ ತರಬೇತಿ ಕೊಟ್ಟ ಅನಂತರಾಮ್ ಇದನ್ನು ಹೇಳಿದಾಗ ಮಿಕ್ಕವರೆಲ್ಲ ಬಾಯಿ ತೆರೆದು ಕೂತರು. ನಾನು ಮಾತ್ರ ಸುಮ್ಮನೆ ಕೊರಳು ಮುಟ್ಟಿಕೊಂಡೆ. ಹುಟ್ಟಿದಾಗ ಲಿಂಗ ಕಟ್ಟಿಸಿಕೊಂಡು, ಅದನ್ನೇ ಅಂಗೈಯಲ್ಲಿಟ್ಟುಕೊಂಡು ಮಣ್ಣಿಗೆ ಹೋಗುವ ಜನಕ್ಕೆ ಇದರಲ್ಲಿ ಹೊಸದೇನು?

ಮುದ್ರೆಯ ನಕಲೊಂದನ್ನು ಮನೆಗೆ ಕೊಟ್ಟಿದ್ದರು, ಉರುಳಿಸಿ ಅಭ್ಯಾಸ ಮಾಡಲು. ಮಣ್ಣೆಲ್ಲಿ ಹುಡುಕಲಿ? ಚಪಾತಿ ಹಿಟ್ಟಿನ ಮೇಲೆಯೇ ಉರುಳಿಸಿದೆ. ಟುವಾಸ್‌ನಿಂದ ಡ್ಯೂಟಿ ಮುಗಿಸಿ ಹಸಿದು ಬಂದ ಅಕ್ಷತಾ ತಟ್ಟೆ ನೋಡಿ, “ಅಮ್ಮಾ, ದೇವ್ರಿರೋ ಚಪಾತಿ ಹೇಗ್ ತಿನ್ನೋದು? ಕಾಂಟ್ ಲಾ!” ಅಂದಳು. ಆಮೇಲೆ ನಾಲ್ಕು ತಿಂದಳು.

ಕಳೆದ ಭಾನುವಾರ ನನ್ನ ಮೊದಲ ಟೂರ್. ಗುರುಬಸಪ್ಪ ಮಾಮಾ ಬಂದಿದ್ದರು. ಇಲ್ಲಿ ನಮ್ಮವರ ಕಷ್ಟಸುಖಕ್ಕೆ ಮುಂದೆ ನಿಲ್ಲುವ ಹಿರಿಯರು, ನಿಮ್ಮಣ್ಣನ ಕೊನೆಯ ವಿಧಿ ಮಾಡಿಸಿದವರೂ ಅವರೇ. ಮೊದಲ ಮುದ್ರೆಯಲ್ಲಿ ದೇವರೊಬ್ಬ ಪೀಠದ ಮೇಲೆ ಕೂತಿದ್ದಾನೆ, ನೆತ್ತಿಯ ಮೇಲೆ ಚಂದ್ರ, ಪಕ್ಕದಲ್ಲಿ ಗೂಳಿ. ಎದುರಿಗೆ ಒಬ್ಬ ದೇವತೆ ಬೋಳುತಲೆಯ ಭಕ್ತನ ಕೈ ಹಿಡಿದು ಕರೆತರುತ್ತಿದ್ದಾಳೆ. ಮಾಮಾ ಕನ್ನಡಕ ಏರಿಸಿ ನೋಡಿದ್ದೇ ತಡ, “ಚಂದ್ರ ಐತಿ, ಬಸವಣ್ಣ ಅದಾನ. ಮತ್ತ್ಯಾರವಾ ಇಂವ? ನಮ್ಮ ಶಿವಪ್ಪನ!” ಅಂದರು.

“ಅಲ್ರೀ ಮಾಮಾ, ಇಂವ ಅವರ ಚಂದ್ರದೇವರು. ಇವನ ಮನಿ ಬ್ಯಾರೆ, ನಮ್ಮ ಶಿವನ ಮನಿ ಬ್ಯಾರೆ.”

“ಹೌದೇನು? ಇರಲಿ. ಆದ್ರ ಈಕಿ ಯಾಕ ನಡುವ ಬಂದಾಳ? ದೇವರ ಹತ್ರ ಹೋಗಾಕ ಏಜೆಂಟ್ ಬೇಕೇನು?”

ಮಾಮಾ ಕೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಗುಂಪಿಗೆ ಗುಂಪೇ ನಕ್ಕಿತು. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ ನೋಡು.

ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಕಪ್ಪು ಕಲ್ಲಿನ ಒಂದು ಮುದ್ರೆ. ಸಿಕ್ಕಿದ್ದು ಹೆಂಗಸೊಬ್ಬಳ ಗೋರಿಯಲ್ಲಿ, ಅವಳ ಎದೆಯ ಮೇಲೆ. ಕೆತ್ತಿರುವುದು ಗಂಡಸಿನ ಹೆಸರು. ಯಾರದೆಂದು ತಿಳಿಯದು, ಅದಲು ಬದಲಾಗಿರಬಹುದು ಎಂದು ಪಕ್ಕದ ಚೀಟಿ ಹೇಳುತ್ತದೆ. ಆ ಪ್ರಶ್ನೆ ಬಂದರೆ ಗೊತ್ತಿಲ್ಲ ಎಂದು ಮುಂದೆ ನಡೆಯಿರಿ ಎಂದು ಅನಂತರಾಮ್ ಮೊದಲೇ ಹೇಳಿಟ್ಟಿದ್ದ. ಚೀನೀ ಅಜ್ಜಿಯೊಬ್ಬರು ಕೇಳಿಯೇಬಿಟ್ಟರು, ಯಾರದಿದು ಎಂದು. “ಗಂಡನದು,” ಅಂದೆ. “ಅದಲು ಬದಲಾಗಿದ್ದಲ್ಲ, ಅವಳೇ ಬೇಕೆಂದು ಇಟ್ಟುಕೊಂಡದ್ದು.” ಮೂವತ್ತಮೂರು ವರ್ಷ ಸಂಸಾರ ಮಾಡಿಯೂ ನಾನು ‘ಶಿವಯೋಗೀಶ’ ಎಂದು ಬಾಯಿಬಿಟ್ಟು ಕರೆದವಳಲ್ಲ. ಇವಳು ಹೆಸರನ್ನು ಕೊರಳಿಗೇ ಕಟ್ಟಿಕೊಂಡಿದ್ದಳು, ಗಟ್ಟಿಗಿತ್ತಿ!

ಟೂರ್ ಮುಗಿದ ಮೇಲೆ ಅನಂತರಾಮ್ ಹಿಂದೆಯೇ ಬಂದ. “ಆಂಟಿ, ಅಷ್ಟು ಕಾನ್ಫಿಡೆಂಟ್ ಆಗಿ ಹೇಳ್ಬಿಟ್ರಲ್ಲ, ಎವಿಡೆನ್ಸ್ ಏನಿದೆ?”

“ಅದಲು ಬದಲಾಗಿದೆ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ? ನಿಮ್ಮ ಮದುವೆ ಆಗಿ ಎಷ್ಟು ವರ್ಷ ಆಯ್ತು?”

“ಎರಡು.”

“ಇನ್ನೊಂದು ಮೂವತ್ತು ಆಗ್ಲಿ. ಆಮೇಲೆ ಬನ್ನಿ, ಇಬ್ಬರೂ ಕೂತು ಚೀಟಿ ಬದಲಾಯಿಸೋಣ.”

ಪಾಪ, ನಕ್ಕು ಕಾಫಿ ಕೊಡಿಸಿದ. ಆದರೂ ಯಾವ ಧೈರ್ಯದ ಮೇಲೆ ಹೇಳಿದಿರಿ ಎಂದು ಕೇಳುತ್ತಲೇ ಇದ್ದ. ನಾನು ಮಾತು ಬದಲಿಸಿದೆ.

ಈಗ ಅತ್ತೆಯವರ ಪ್ರಶ್ನೆ. ಅತ್ತೀ, ನಿಮ್ಮ ಮಗ ಬರಿಗೈಯಲ್ಲಿ ಹೋಗಲಿಲ್ಲ. ಎಡ ಅಂಗೈಯಲ್ಲಿ ಲಿಂಗವಿತ್ತು, ಮೇಲೆ ಬಿಲ್ವಪತ್ರಿ, ಹಣೆಯ ತುಂಬ ವಿಭೂತಿ. ಗುರುಬಸಪ್ಪ ಮಾಮಾ ತಮ್ಮ ಕೈಯಾರೆ ಇಟ್ಟರು. ಪೆಟ್ಟಿಗೆ ಮುಚ್ಚುವಾಗಲೂ ಲಿಂಗ ಅಂಗೈಯಲ್ಲೇ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ. ಸೆಲೆಟಾರ್‌ನಲ್ಲಿ ಅವರ ಜೊತೆ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದವರೆಲ್ಲ ಬಂದು ಹೆಗಲು ಕೊಟ್ಟರು. ನೀವು ನಿಶ್ಚಿಂತೆಯಿಂದ ಗಣಾರಾಧನೆ ಮಾಡಿ.

ಭಾಗೀ, ಮೊಣಕಾಲಿಗೆ ಹಚ್ಚುವ ಮುಲಾಮು ಕಳಿಸಿದ್ದೇನೆ. ಅತ್ತೆ ಬೇಡ ಅಂದರೂ ಹಚ್ಚು, ನಿನಗೂ ಹಚ್ಚಿಕೋ. ಅಕ್ಷತಾ ಅಜ್ಜಿಯ ಪಾದ ಮುಟ್ಟಿದ್ದೇನೆಂದು ಬರೆಯಲು ಹೇಳಿದಳು. ಗುರುವಿನ ಕರುಣೆ ನಿಮ್ಮಿಬ್ಬರ ಮೇಲಿರಲಿ, ಮನೆಯ ದೀಪ ಉರಿಯುತ್ತಿರಲಿ.

ನಿನ್ನ ವೈನಿ,
ಶೈಲಶ್ರೀ

ತಾ.ಕ.: ಇಲ್ಲಿಯವರೆಗೆ ಅತ್ತೆಗೆ ಓದು. ಇಲ್ಲಿಂದ ಮುಂದೆ ನಿನಗೊಬ್ಬಳಿಗೆ.

ಮೇಲೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂಗೈಯಲ್ಲಿ ಲಿಂಗವಿತ್ತು. ಆದರೆ ಅದು ನಿಮ್ಮಣ್ಣನದಲ್ಲ ಭಾಗೀ, ನನ್ನದು.

ಮಾಮಾ ಇಟ್ಟದ್ದು ನಿಮ್ಮಣ್ಣನದನ್ನೇ. ಇಟ್ಟು ಕೈ ತೊಳೆಯಲು ಹೋದರು. “ಒಂದ್ ನಿಮಿಷ ನಮ್ಮಿಬ್ಬರನ್ನ ಬಿಡ್ರಿ,” ಅಂದೆ. ಎಲ್ಲರೂ ಹಿಂದೆ ಸರಿದರು. ಕೈ ಹಿಡಿದು ಅಳುತ್ತಿದ್ದೇನೆ ಅಂದುಕೊಂಡರು. ಅಳುತ್ತಲೂ ಇದ್ದೆ. ಅಳುತ್ತಲೇ ಅವರದನ್ನು ತೆಗೆದು ನನ್ನದನ್ನು ಇಟ್ಟು ಬಿಲ್ವಪತ್ರಿ ಮುಚ್ಚಿದೆ. ಎರಡೂ ಕಪ್ಪಗೆ ಒಂದೇ ಥರ, ಯಾರಿಗೆ ಗೊತ್ತಾಗಬೇಕು? ಇಲ್ಲಿ ಹದಿನೈದು ವರ್ಷಕ್ಕೆ ಗೋರಿ ಅಗೆದು ತೆಗೆಯುತ್ತಾರೆ, ಅವರ ಲಿಂಗ ಯಾರ ಕೈಗೋ ಸಿಗುತ್ತದೆ, ಅದಕ್ಕೇ ಹೀಗೆ ಮಾಡಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೊತ್ತಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಅವರು ಅದನ್ನು ಅಂಗೈಯಲ್ಲಿ ಹಿಡಿದು ಕೂರುವುದನ್ನು ನೋಡಿ ನೋಡಿ, ಮಣ್ಣಿಗೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

ಗುರು ಕೊಟ್ಟ ಲಿಂಗ ಒಬ್ಬರದು ಇನ್ನೊಬ್ಬರಿಗೆ ಸಲ್ಲದು ಎಂದು ನನಗೆ ಗೊತ್ತಿಲ್ಲವೇ? ಹನ್ನೊಂದು ತಿಂಗಳಿಂದ ಅವರದು ನನ್ನ ಕೊರಳಲ್ಲಿದೆ. ಸ್ನಾನ ಮಾಡಿ ಅಂಗೈಯಲ್ಲಿಟ್ಟುಕೊಂಡು ಕೂರುತ್ತೇನೆ. ವಿಭೂತಿ ಹಚ್ಚಲು ಕೈ ಏಳುವುದಿಲ್ಲ. ಪೂಜೆಯಿಲ್ಲದೆ ಹಾಗೇ ಎದ್ದುಬಿಡುತ್ತೇನೆ. ಅಷ್ಟು ಜನರೆದುರು ಗಟ್ಟಿಯಾಗಿ ಮಾತಾಡಿ ಬಂದವಳು ನನ್ನ ಮನೆಯ ದೇವರಿಗೆ ಮುಖ ತೋರಿಸಲಾರದೆ ಹೋಗಿದ್ದೇನೆ.

ಇಷ್ಟು ಬರೆದು ಕವರಿಗೆ ಅಂಟು ಹಚ್ಚಲು ಹೋದೆ. ಆಗಲಿಲ್ಲ. ಕೇಳಿದವರು ಅತ್ತೆ, ಅವರಿಗೆ ಅರ್ಧ ಹೇಳಿ ನಿನಗೆ ಪೂರ್ತಿ ಹೇಳಿದರೆ ಅದೆಂಥ ಉತ್ತರ? ಇದನ್ನೂ ಓದಿ ಹೇಳು ಭಾಗೀ. ಕಿವಿಯ ಹತ್ತಿರ ಕೂತು, ಗಟ್ಟಿಯಾಗಿ, ಎರಡು ಸಲ. ಆಮೇಲೆ ಅವರನ್ನು ಕೇಳು: ನಾನು ಹೋಗುವ ದಿನ ನನ್ನ ಅಂಗೈಯಲ್ಲಿ ಅವರ ಮಗನ ಲಿಂಗ ಇಡಲು ಒಪ್ಪಿಗೆಯೇ?

ಬೈದರೆ ಬೈಗುಳವನ್ನೂ ಬಿಡದೆ ಬರೆ.